ಎಣ್ಣಿ ಯಾವ ಲೆನ್ಸಿಗೆ?

ಧಾರವಾಡದ ಮಳಿಗಾಲದಾಗ ಮೈಕ್ರೋಸ್ಕೋಪಿನ ಲೆನ್ಸಿಗೆ ಬೂಷ್ಟು ಹಿಡಿತದ; ಡಬ್ಬಿಯಾಗ ತೇವ ಹೀರೂ ಸಿಲಿಕಾ ಜೆಲ್ ಇಡ್ರಿ. ಅದಕ್ಕಿಂತ ದೊಡ್ಡ ಕಾಟ ಎಣ್ಣಿದು. ಸ್ಲೈಡಿಗೂ ಲೆನ್ಸಿಗೂ ನಡುವ ಹಾಕೂ ಇಮ್ಮರ್ಷನ್ ಆಯಿಲ್ 100ಎಕ್ಸ್‌ಗೆ, ಅಂದ್ರ ನೂರು ಪಟ್ಟು ದೊಡ್ಡದು ಮಾಡಿ ತೋರಿಸೂ ಲೆನ್ಸಿಗೆ ಮಾತ್ರ, ಅದೂ ಒಂದು ಹನಿ. ಎಣ್ಣಿ ಹಾಕಿದ ಮ್ಯಾಲ 40ಎಕ್ಸ್‌ಗೆ ತಿರುಗಿಸಿದ್ರ ಆ ಲೆನ್ಸಿನ ಮೂತಿಗೂ ಮೆತ್ತಿ ಎಲ್ಲಾ ಮಸುಕು ಮಸುಕು. ಆವಾಗ ಲೆನ್ಸ್ ಪೇಪರಿನಿಂದನ ಒರಸ್ರಿ, ಕರ್ಚೀಪು ಬ್ಯಾಡ್ರಿ.

ಕೆಲಗೇರಿ ಕೆರಿ ನೀರಿಗೆ 10ಎಕ್ಸ್ ಸಾಕು. ಬೆಳಕು ಹೆಚ್ಚು-ಕಮ್ಮಿ ಮಾಡೂ ಡಯಾಫ್ರಮ್ ಅರ್ಧ ಮುಚ್ರಿ. ಬಣ್ಣಿಲ್ಲದ ಪ್ಯಾರಮೀಸಿಯಂ (ಒಂದ ಕೋಶದ ಸಣ್ಣ ಜೀವಿ) ಜಾಸ್ತಿ ಬೆಳಕಿನ್ಯಾಗ ಕಾಣಂಗಿಲ್ಲ. 1670ರ ದಶಕದಾಗ ಡೆಲ್ಫ್ಟ್ ಊರಿನ ಬಟ್ಟಿ ವ್ಯಾಪಾರಿ ಲೀವೆನ್‌ಹುಕ್ ಒಂದ ಒಂದು ಸಣ್ಣ ಲೆನ್ಸ್ ಹಿಡಕೊಂಡು ಕೆರಿ ನೀರಿನ ಜೀವಿಗಳನ್ನ ನೋಡಿದ್ದ! 1931ರಾಗ ಜರ್ಮನಿಯ ಎಂಜಿನಿಯರ್‌ಗಳಾದ ರುಸ್ಕಾ, ನಾಲ್ ಸೇರಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕಟ್ಟಿದ್ರು, ಮುಂದ ವೈರಸ್ಸೂ ಕಂಡ್ವು ಖರೆ. ಆದ್ರ ಅದರೊಳಗ ಗಾಳಿ ಇಲ್ಲದ ನಿರ್ವಾತ, ಪ್ಯಾರಮೀಸಿಯಂ ಅಲ್ಲಿ ಬದುಕಂಗಿಲ್ಲ. ಪ್ಯಾರಮೀಸಿಯಂ ಈಜೂದು ನೋಡಬೇಕಂದ್ರ ಲ್ಯಾಬಿನ ಹಳೇ ಮೈಕ್ರೋಸ್ಕೋಪ ಬೇಕ್ರಿ.