ಶುಂಠಿ ಘಾಟಿನ ಬೀದಿ

ಮಟ್ಟಂಚೇರಿಯ ಪರದೇಸಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ನೋಡಬೇಕು ಅಂತಲೇ ನಾವು ಕೊಚ್ಚಿಗೆ ಹೋಗಿದ್ದು. ಹೋದ ದಿನ ಶನಿವಾರ, ಬಾಗಿಲು ಹಾಕಿತ್ತು. ಯಹೂದಿಗಳಿಗೆ ಅದು ವಿಶ್ರಾಂತಿಯ ದಿನ ಅಲ್ವಾ, ನಮಗೆ ಹೊಳೆದೇ ಇರಲಿಲ್ಲ. ನಾಳೆ ಬಂದರಾಯಿತು ಅಂದುಕೊಂಡು ಸುಮ್ನೆ ಬೀದಿ ಸುತ್ತಿದೆವು.

ಜ್ಯೂ ಟೌನ್ ಬೀದಿ ಅಷ್ಟೇನೂ ಉದ್ದವಿಲ್ಲ. ಎರಡೂ ಕಡೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಗಳು. ಒಂದು ಕಿಟಕಿಯ ಸರಳುಗಳ ನಡುವೆ ಆರು ಮೂಲೆಯ ನಕ್ಷತ್ರ ಕಂಡಿತು. ಸ್ವಲ್ಪ ಮುಂದೆ ಒಂದು ಗೋದಾಮು ತೆರೆದಿತ್ತು. ಗೋಣಿಚೀಲಗಳು, ಒಣ ಶುಂಠಿಯ ಘಾಟು, ನೆಲದ ಮೇಲೆ ಸುಣ್ಣದ ಬಿಳಿ ಪುಡಿ. ಒಳಗೆ ಇಣುಕಿದರೆ ಹಿಂಬಾಗಿಲಿನಾಚೆ ಹಿನ್ನೀರು ಹೊಳೆಯುತ್ತಿತ್ತು! ಮುಂದೆ ಬೀದಿ, ಹಿಂದೆ ದೋಣಿ. ಕಾಳುಮೆಣಸಿನ ವ್ಯಾಪಾರ ಹೇಗೆ ನಡೆಯುತ್ತಿತ್ತು ಅನ್ನೋದು ಅಲ್ಲಿ ನಿಂತಾಗಲೇ ನನಗೆ ಅರ್ಥವಾಗಿದ್ದು.

ಈ ಬಂದರು ಹುಟ್ಟಿದ್ದೇ ಒಂದು ನೆರೆಯಿಂದ ಅನ್ನುತ್ತಾರೆ. 1341ರಲ್ಲಿ ಪೆರಿಯಾರ್ ಉಕ್ಕಿ, ಕೊಡುಂಗಲ್ಲೂರಿನ ಹಳೇ ಬಂದರು ಹೂಳು ತುಂಬಿಕೊಂಡಿತು, ಕೊಚ್ಚಿಯ ಅಳಿವೆ ತೆರೆದುಕೊಂಡಿತು. ಮುಂದೆ ಪೋರ್ಚುಗೀಸರ ಕಾಟ ತಾಳಲಾರದೆ ಬಂದ ಯಹೂದಿಗಳಿಗೆ ಕೊಚ್ಚಿಯ ರಾಜರು ತಮ್ಮ ಅರಮನೆ ಪಕ್ಕದಲ್ಲೇ ಜಾಗ ಕೊಟ್ಟರು. 1568ರಲ್ಲಿ ಸಿನಗಾಗ್ ಎದ್ದಿತು. ಅರಮನೆಯ ದೇವಸ್ಥಾನ ಅದರ ಮಗ್ಗುಲಲ್ಲೇ ಇದೆ. ಗಂಟೆಯ ಸದ್ದು ಈ ಕಡೆಗೂ, ಪ್ರಾರ್ಥನೆಯ ದನಿ ಆ ಕಡೆಗೂ ಕೇಳುತ್ತಿದ್ದಿರಬೇಕು. ಇಷ್ಟು ಹತ್ತಿರ ಇಷ್ಟು ಕಾಲ ಬಾಳಿದರಲ್ಲ, ಅದು ನನಗೆ ದೊಡ್ಡದು ಅನಿಸುತ್ತದೆ.

1948ರಲ್ಲಿ ಇಸ್ರೇಲ್ ಆದ ಮೇಲೆ ಒಂದೊಂದೇ ಕುಟುಂಬ ಹೊರಟಿತು. ಊರಿನವರು ಯಾರೂ ಓಡಿಸಲಿಲ್ಲ, ತಾವಾಗೇ ಹೋದರು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಗಂಡಸರು ಬೇಕು. ಅಷ್ಟು ಮಂದಿ ಈಗ ಈ ಬೀದಿಯಲ್ಲಿಲ್ಲ. ಆ ಲೆಕ್ಕ ನೆನೆದಾಗ ಸಂಕಟವಾಯಿತು.

ಭಾನುವಾರ ಮತ್ತೆ ಹೋದೆವು. 1760ರ ಗಡಿಯಾರದ ಗೋಪುರ ದಾಟಿ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಕಾಲಡಿ ತಣ್ಣಗಿನ ಬಿಳಿ-ನೀಲಿ ಟೈಲ್ಸ್. 1762ರಲ್ಲಿ ಚೀನಾದಿಂದ ಹಡಗಿನಲ್ಲಿ ಬಂದವು, ಕೈಯಲ್ಲೇ ಚಿತ್ರ ಬರೆದವು. ಒಂದರಂತೆ ಇನ್ನೊಂದಿಲ್ಲ ಅನ್ನುತ್ತಾರೆ. ನಿಜವಾ ಅಂತ ಬಗ್ಗಿ ನೋಡುತ್ತಾ ಹೋದೆ. ಒಂದರಲ್ಲಿ ಮರದ ಕೊಂಬೆ ಸ್ವಲ್ಪ ಎಡಕ್ಕೆ ವಾಲಿದೆ, ಪಕ್ಕದ್ದರಲ್ಲಿ ಕುಂಚ ಒತ್ತಿ ನೀಲಿ ಜಾಸ್ತಿಯಾಗಿದೆ. ಮುಚ್ಚುವ ಹೊತ್ತಾಯಿತು ಅಂತ ಕಾವಲಿನವರು ಬಂದು ಕರೆದಾಗ ನಾನಿನ್ನೂ ಮೂರನೇ ಸಾಲಿನಲ್ಲೇ ಇದ್ದೆ.