ಬಿಸಿ ಎಣ್ಣೆ ಪಂಪಿನ ಡಿಸ್ಚಾರ್ಜ್ ಲೈನ್: ಘರ್ಷಣೆಯ ಕೆಲಸ ಎಲ್ಲಿಗೆ ಬಂತು

ಈ ಸಲ ಪೂರ್ತಿ ಡಿಸ್ಚಾರ್ಜ್ ಲೈನಿನ, ಅಂದರೆ ಪಂಪಿನಿಂದ ಎಣ್ಣೆ ಹೊರಹೋಗುವ ಪೈಪಿನ ಸುದ್ದಿ: ಬಿಸಿಗೆ ಹಿಗ್ಗಿ ಸರಿಯುವಾಗಿನ ಘರ್ಷಣೆಯ ಬಲ ಪಂಪಿನ ಮೇಲೆ ಬೀಳದಂತೆ ಮಾಡುವ ಕೆಲಸ. ಸಕ್ಷನ್ (ಎಣ್ಣೆ ಒಳಬರುವ) ಕಡೆಯ ಲೋಡುಗಳು ಪಂಪ್ ತಯಾರಕರು ಕೊಟ್ಟ ಮಿತಿಯೊಳಗೇ ಇವೆ, ಅಲ್ಲಿ ಹೇಳುವಂಥದ್ದೇನೂ ಇಲ್ಲ.

ಲೈನ್ ಹೀಗಿದೆ. 8 ಇಂಚಿನ ಶೆಡ್ಯೂಲ್ 40 (ಗೋಡೆಯ ದಪ್ಪದ ದರ್ಜೆ) ಪೈಪು, ಒಳಗೆ 260 ಡಿಗ್ರಿ ಸೆಲ್ಸಿಯಸ್ ಥರ್ಮಿಕ್ (ಶಾಖ ಸಾಗಿಸುವ) ಎಣ್ಣೆ. ಪಂಪಿನ ಬಾಯಿಯಾದ ನಾಝಲ್‌ನಿಂದ 2 ಮೀಟರ್ ನೇರ ಮೇಲಕ್ಕೆ ಏರುವ ರೈಸರ್, ಅಲ್ಲಿ ಎಲ್ಬೋ (ಬಾಗು), ಆಮೇಲೆ ಪೈಪು ಹೊರುವ ರ‍್ಯಾಕ್ ಮೇಲೆ ಮೂರು ಸಪೋರ್ಟ್ ದಾಟಿ ಒಂದು ಲೂಪ್ (ಹಿಗ್ಗುವಿಕೆ ಹೀರಲು ಬಾಗಿಸಿದ ಪೈಪು). ಈ ತಾಪದಲ್ಲಿ ಕಾರ್ಬನ್ ಸ್ಟೀಲ್ ಮೀಟರಿಗೆ ಸುಮಾರು 2.9 ಮಿ.ಮೀ. ಹಿಗ್ಗುತ್ತದೆ. ಲೂಪ್ ಮೆತ್ತಗಿದೆ, ಪಂಪ್ ಗಟ್ಟಿಯಾಗಿದೆ. ಹಾಗಾಗಿ ಪೈಪೆಲ್ಲ ಪಂಪನ್ನೇ ಆಧಾರ ಮಾಡಿಕೊಂಡು ಲೂಪ್ ಕಡೆಗೆ ಸರಿಯುತ್ತದೆ. ಸರಿಯುವಾಗ ಪ್ರತಿ ಸಪೋರ್ಟೂ ಅದನ್ನು ತಡೆಯುತ್ತದೆ, ಆ ತಡೆಯೆಲ್ಲ ಕೂಡಿಕೊಂಡು ನಾಝಲ್‌ಗೆ ಬಂದು ಬೀಳುತ್ತದೆ.

ಎಷ್ಟು ಬೀಳುತ್ತದೆ? ಪೈಪು, ಎಣ್ಣೆ, ಇನ್ಸುಲೇಷನ್ ಸೇರಿ ಮೀಟರಿಗೆ ಸುಮಾರು 85 ಕೆ.ಜಿ. ಐದು ಮೀಟರ್ ಅಂತರಕ್ಕೆ ಒಂದು ಸಪೋರ್ಟಿನ ಮೇಲೆ ಸುಮಾರು 4.2 ಕಿಲೋನ್ಯೂಟನ್. ಸ್ಟೀಲ್ ಮೇಲೆ ಸ್ಟೀಲ್ ಅಂದರೆ ಲೆಕ್ಕಕ್ಕೆ ಘರ್ಷಣಾ ಗುಣಾಂಕ 0.3 (ತಡೆ ತೂಕದ 0.3 ಪಟ್ಟು) ಹಿಡಿಯುವುದು ರೂಢಿ. ಒಂದೊಂದು ಸಪೋರ್ಟ್ 1.25, ಮೂರೂ ಸೇರಿದರೆ 3.75 ಕಿಲೋನ್ಯೂಟನ್. ಇದು ಎರಡು ಮೀಟರ್ ಎತ್ತರದಲ್ಲಿ ಅಡ್ಡಕ್ಕೆ ತಳ್ಳುವ ಬಲ, ಆದ್ದರಿಂದ ನಾಝಲ್‌ಗೆ ಮೊಮೆಂಟ್ (ಬಾಗಿಸುವ ಒತ್ತು) ಕೂಡ ಜೊತೆಗೇ ಬರುತ್ತದೆ. ಪೈಪು ತಣ್ಣಗಾಗುವಾಗ ದಿಕ್ಕು ತಿರುಗಿ ಎಳೆಯುತ್ತದೆ.

ರಾಡ್ ಹ್ಯಾಂಗರ್ ಹಾಕಿದ್ದರೆ ಈ ಸಮಸ್ಯೆಯೇ ಇರುತ್ತಿರಲಿಲ್ಲ. 1200 ಮಿ.ಮೀ. ಉದ್ದದ ರಾಡ್ 12 ಮಿ.ಮೀ. ಸರಿದರೆ ಅಡ್ಡ ಬಲ ತೂಕದ ನೂರನೇ ಒಂದು ಭಾಗ ಮಾತ್ರ, ಅಂದರೆ 42 ನ್ಯೂಟನ್. ಆದರೆ ಇಲ್ಲಿ ಮೇಲೆ ತೂಗುಹಾಕಲು ಬೀಮ್ ಇಲ್ಲ. ಪಂಪಿನ ಹತ್ತಿರ ಪೈಪು ತೂಗಾಡುವುದೂ ನನಗೆ ಇಷ್ಟವಿಲ್ಲ.

ಆದ್ದರಿಂದ ಮೂರೂ ಶೂಗಳ (ಪೈಪಿನ ಪಾದಗಳ) ಕೆಳಗೆ ನುಣುಪು ಪ್ಲಾಸ್ಟಿಕ್ಕಾದ ಪಿಟಿಎಫ್‌ಇ ಪ್ಯಾಡ್, ಅದರ ಮೇಲೆ ಸರಿಯಲು ಪಾಲಿಷ್ ಮಾಡಿದ ಸ್ಟೇನ್‌ಲೆಸ್ ಪ್ಲೇಟ್. ಇದಕ್ಕೆ 0.1 ಹಿಡಿದರೆ ಒಟ್ಟು 1.25 ಕಿಲೋನ್ಯೂಟನ್‌ಗೆ ಇಳಿಯುತ್ತದೆ. 260 ಡಿಗ್ರಿ ಪಿಟಿಎಫ್‌ಇಗೆ ಗಡಿಯ ತಾಪವೇ, ನಿಜ. ಆದರೆ ಪ್ಯಾಡ್ ಇರುವುದು 100 ಮಿ.ಮೀ. ಶೂ ಕೆಳಗೆ, ಅಲ್ಲಿ ಅಷ್ಟು ಬಿಸಿ ಇರುವುದಿಲ್ಲ. ಇರಲಿ ಅಂತ ಪ್ಯಾಡನ್ನು ಸುಮ್ನೆ ದೊಡ್ಡದು ಮಾಡಿಲ್ಲ, ಯಾಕಂದರೆ ಒತ್ತಡ ಕಡಿಮೆಯಾದಷ್ಟೂ ಪಿಟಿಎಫ್‌ಇ ಘರ್ಷಣೆ ಹೆಚ್ಚುತ್ತದೆ. ಮೇಲಿನ ಪ್ಲೇಟ್ ಮಾತ್ರ ಪ್ಯಾಡಿಗಿಂತ ದೊಡ್ಡದು. ಪೈಪು ಎಷ್ಟೇ ಸರಿದರೂ ಪ್ಯಾಡ್ ಬಯಲಿಗೆ ಬಂದು ಧೂಳು ಹಿಡಿಯಬಾರದು. ಪೇಂಟ್ ಹೊಡೆಯುವ ಮುಂಚೆ ಸ್ಟೇನ್‌ಲೆಸ್ ಮುಖಕ್ಕೆ ಟೇಪ್ ಅಂಟಿಸಲು ಡ್ರಾಯಿಂಗ್‌ನಲ್ಲೇ ಬರೆಸಿದ್ದೇನೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಉಳಿದ 1.25 ಕೂಡ ಪಂಪಿಗೆ ಯಾಕೆ ಹೋಗಬೇಕು? ಕಾಂಕ್ರೀಟ್ ತಾಳಿಕೊಳ್ಳಲಿ, ಅಲ್ವಾ? ಅದಕ್ಕೆ ಪೈಪು ಒಂದು ದಿಕ್ಕಿಗೆ ಸರಿಯದಂತೆ ತಡೆಯುವ ಲೈನ್ ಸ್ಟಾಪ್ ಬೇಕು. ಅದನ್ನು ಎಲ್ಲಿ ಇಡುವುದು ಅನ್ನುವುದರಲ್ಲೇ ಎಲ್ಲ ಇದೆ. ರೂಢಿಯಂತೆ ರ‍್ಯಾಕಿನ ಮೊದಲ ಸಪೋರ್ಟಿನಲ್ಲಿ, ಎಲ್ಬೋದಿಂದ ಒಂದೂವರೆ ಮೀಟರ್ ಆಚೆ ಇಟ್ಟರೆ, ನಡುವಿನ ತುಂಡು 4.4 ಮಿ.ಮೀ. ಹಿಗ್ಗಿ ಎಲ್ಬೋವನ್ನು ಪಂಪಿನ ಕಡೆಗೆ ದೂಡುತ್ತದೆ. ಎರಡು ಮೀಟರಿನ ಗಿಡ್ಡ ರೈಸರ್ ಅಷ್ಟು ಬಾಗಲು 10 ಕಿಲೋನ್ಯೂಟನ್ ಹತ್ತಿರ ಬೇಕು. ಯಾವ ಘರ್ಷಣೆಗೆ ಹೆದರಿ ಸ್ಟಾಪ್ ಹಾಕಿದೆವೋ, ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ!

ಹಾಗಾಗಿ ಸ್ಟಾಪ್ ರೈಸರಿಗೇ ಬಂತು. ಎಲ್ಬೋ ಕೆಳಗೆ ಲಗ್ (ಲೋಹದ ಕಿವಿ) ಬೆಸೆದು, ಎರಡೂ ಕಡೆ ಸ್ಟೀಲ್ ಫ್ರೇಮ್. ರ‍್ಯಾಕ್ ದಿಕ್ಕಿನಲ್ಲಿ ನಾಝಲ್ ಮತ್ತು ಸ್ಟಾಪ್ ಒಂದೇ ರೇಖೆಯಲ್ಲಿವೆ, ನಡುವೆ ಹಿಗ್ಗಲು ಪೈಪೇ ಇಲ್ಲ. ಸಂದು ಮಾತ್ರ ಸೊನ್ನೆಯಾಗಿರಬೇಕು, ಶಿಮ್ (ತೆಳು ತಗಡು) ಕೊಟ್ಟು ಕೂರಿಸಬೇಕು. 3.75 ಕಿಲೋನ್ಯೂಟನ್‌ಗೆ ರೈಸರ್ ಬಾಗುವುದೇ 2 ಮಿ.ಮೀ. ಒಳಗೆ. ಗೈಡ್‌ಗೆ (ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸಪೋರ್ಟಿಗೆ) ಬಿಡುವಂತೆ ಒಂದೂವರೆ ಮಿ.ಮೀ. ಸಂದು ಬಿಟ್ಟರೆ, ಸ್ಟಾಪ್ ತಾಗುವಷ್ಟರಲ್ಲಿ ಬಹುಪಾಲು ಬಲ ನಾಝಲ್‌ಗೆ ಹೋಗಿಯಾಗಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ರೈಸರ್ ಸುಮಾರು 6 ಮಿ.ಮೀ. ಮೇಲಕ್ಕೆ ಬೆಳೆಯುವಾಗ ಲಗ್ ಆ ಫ್ರೇಮಿಗೆ ಉಜ್ಜುತ್ತದೆ. ಸ್ಟಾಪ್ ಮೇಲಿನ ಬಲ 3.75 ಇದ್ದಿದ್ದರೆ ಈ ಉಜ್ಜಾಟ 1.1 ಕಿಲೋನ್ಯೂಟನ್ ಆಗಿ, ನೇರ ಕೆಳಮುಖವಾಗಿ ನಾಝಲ್ ಮೇಲೆ ಕೂರುತ್ತಿತ್ತು. ಪಿಟಿಎಫ್‌ಇ ಇರುವುದರಿಂದ ಅದು 0.4ಕ್ಕೂ ಕಡಿಮೆ. ಸ್ಟಾಪ್ ಇದೆಯಲ್ಲ, ಪ್ಯಾಡ್ ಯಾಕೆ ಅನ್ನುವವರಿಗೆ ನನ್ನ ಉತ್ತರ ಇದೇ. ಇದೇ 6 ಮಿ.ಮೀ.ಗಾಗಿ ಮೊದಲ ಸಪೋರ್ಟನ್ನು ಸ್ಪ್ರಿಂಗ್ ಮಾಡಿದ್ದೇವೆ, ಅದರ ತಲೆಯ ಮೇಲೂ ಪ್ಯಾಡ್ ಇದೆ.

ಲೆಕ್ಕವನ್ನು ಘರ್ಷಣೆ ಇಲ್ಲದೆ, 0.1ರಲ್ಲಿ, 0.3ರಲ್ಲಿ, ಮೂರೂ ರೀತಿ ಓಡಿಸಿದ್ದೇನೆ. ಪ್ಯಾಡ್ ಕೊಳೆಯಾದ ದಿನವೂ ಪಂಪ್ ಉಳಿಯಬೇಕು. ಘರ್ಷಣೆ ಇದ್ದಾಗ ಮಾತ್ರ ಲೋಡ್ ಮಿತಿಯೊಳಗೆ ಬಂದರೆ ಆ ವಿನ್ಯಾಸವನ್ನು ನಾನು ಒಪ್ಪುವುದಿಲ್ಲ. ಮೂರರಲ್ಲೂ ನಾಝಲ್ ಪಾಸ್.

ಮುಂದಿನ ಕೆಲಸ ಸೈಟಿನಲ್ಲಿ. ಫ್ಲೇಂಜ್ ಬೋಲ್ಟ್ ಬಿಗಿಯುವಾಗ ಪಂಪಿನ ಶಾಫ್ಟನ್ನು ಚಾಲಕ ಯಂತ್ರಕ್ಕೆ ಜೋಡಿಸುವ ಕಪ್ಲಿಂಗಿಗೆ ಡಯಲ್ ಗೇಜ್ ಕಟ್ಟುತ್ತೇವೆ. ಯಂತ್ರ ಸ್ಥಾಪನೆಯ ಮಾರ್ಗಸೂಚಿ ಎಪಿಐ 686 ಹೇಳುವಂತೆ ಶಾಫ್ಟ್ 0.05 ಮಿ.ಮೀ.ಗಿಂತ ಹೆಚ್ಚು ಅಲುಗಬಾರದು. ತಣ್ಣಗಿರುವಾಗಲೇ ಪ್ರತಿ ಶೂ ಪಕ್ಕ ಗೀಟು ಹಾಕಿಡುತ್ತೇವೆ, ಬಿಸಿಯಾದ ಮೇಲೆ ಸರಿದದ್ದನ್ನು ಅಳೆದು ಲೆಕ್ಕದ ಪಕ್ಕ ಬರೆಯುತ್ತೇನೆ.