ಹೋದದ್ದುಂಟು, ಹೋಗುವುದುಂಟು

ಜಪಾನಿ ಭಾಷೆಯಲ್ಲಿ 'ಫುಜಿ ಬೆಟ್ಟ ಹತ್ತಿದ್ದುಂಟು' ಅನ್ನಲು 'ಫುಜಿಸಾನ್ ನಿ ನೊಬೊತ್ತ ಕೊತೊ ಗ ಅರಿಮಾಸು'. 'ನೊಬೊತ್ತ' ಹತ್ತಿದ, 'ಕೊತೊ' -ದ್ದು, 'ಅರಿಮಾಸು' ಉಂಟು. ಪದಕ್ಕೆ ಪದ ನಮ್ಮದೇ ಕಟ್ಟು! ಇಂಗ್ಲಿಷ್ ಮೂಲಕ ಕಲಿಯುವವರಿಗೆ ಈ ಸಲೀಸು ಸಿಗುವುದಿಲ್ಲ.

ಎಡವುವುದು ಕ್ರಿಯಾಪದದ ರೂಪದಲ್ಲಿ. 'ಇತ್ತ ಕೊತೊ ಗ ಅರು' ಎಂದರೆ ಹೋದದ್ದುಂಟು ('ಅರು' ಅಂದರೆ 'ಅರಿಮಾಸು'ವಿನ ಸಲುಗೆಯ ರೂಪ). 'ಇಕು ಕೊತೊ ಗ ಅರು' ಎಂದರೆ ಆಗೊಮ್ಮೆ ಈಗೊಮ್ಮೆ ಹೋಗುವುದುಂಟು. ಇಲ್ಲೂ ಕನ್ನಡವೇ ದಾರಿ ತೋರಿಸುತ್ತದೆ. ಹೋದದ್ದೇ ಇಲ್ಲವಾದರೆ ಕೊನೆಗೆ 'ಅರಿಮಾಸೆನ್', ಆದರೆ 'ಇತ್ತ' ಹಾಗೇ ಇರಲಿ.

'ನಿನ್ನೆ' ಜೊತೆ ಈ ರೂಪ ಬೇಡ, ಅಲ್ಲಿ ಬರೀ 'ಇಕಿಮಾಶಿತ' (ಹೋದೆ) ಸಾಕು. 'ಚಿಕ್ಕವನಿದ್ದಾಗ' ಎಂಬಂಥ ದೂರದ ಕಾಲಕ್ಕೆ ಧಾರಾಳವಾಗಿ ಬಳಸಬಹುದು. ದಿನನಿತ್ಯದ ಕೆಲಸಗಳಿಗೂ ಈ ರೂಪ ಬೇಡ: ಅನ್ನ ತಿಂದದ್ದುಂಟು ಅಂದರೆ ನಮಗೆ ಹೇಗೆ ವಿಚಿತ್ರವೋ, ಅವರಿಗೂ ಹಾಗೆಯೇ.